ಗಟ್ಟಿ ಚಿಪ್ಪಿನ ಮೊಟ್ಟೆ

ಆ ಹೆರಿಗೆಗೆ ನಾನು ತೆತ್ತದ್ದು ಏಳು ವಾರ ಮತ್ತು ಒಬ್ಬ ಚಿಕ್ಕಮ್ಮ. ಏಳು ವಾರ ಅಂದರೆ ನನ್ನ ಮಗಳು ನನ್ನ ಹೊಟ್ಟೆಯಲ್ಲಿ ಇರಬೇಕಾಗಿದ್ದ, ಆದರೆ ಇರದೆ ಹೋದ ವಾರಗಳು. ಅದರಲ್ಲಿ ಐದನ್ನು ಅವಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಕಳೆದಳು. ಚಿಕ್ಕಮ್ಮ ಸತ್ತಿಲ್ಲ. ನಮ್ಮ ಮನೆಯಲ್ಲೇ ಇದ್ದಾಳೆ. ಇದನ್ನು ಬರೆಯುವಾಗ ಹಿತ್ತಿಲಲ್ಲಿ ಅವಳು ತೌಡು ಕಲಸುವ ಸದ್ದು ಕೇಳುತ್ತಿದೆ. ಆದರೆ ತಾಯಿಯಿಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಆ ಹೆಂಗಸು ನನ್ನ ಪಾಲಿಗೆ ಹೋದಳು. ಯಾಕೆ ಅಂದರೆ, ನನ್ನ ಬಾಯಿಗೆ ಬರಬೇಕಾದ ಮಾತ್ರೆ ಕೋಳಿಯ ಬಾಯಿಗೆ ಹೋಯಿತು, ಹಾಕಿದ ಕೈ ಅವಳದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅದಕ್ಕೂ ಬರುತ್ತೇನೆ.

ನಾನು ಕೋಳಿ ವ್ಯಾಪಾರದವಳು. ಕಲ್ಲೂರಿನಿಂದ ಕಾಡಂಚಿನವರೆಗಿನ ಮನೆಗಳಲ್ಲಿ ನಾಟಿ ಕೋಳಿ, ಮೊಟ್ಟೆ ಕೊಂಡು ಬತ್ತೇರಿ ಪೇಟೆಗೆ ಹಾಕುತ್ತೇನೆ. ಹದಿನಾರನೇ ವಯಸ್ಸಿನಲ್ಲಿ ಪಕ್ಕದ ಮನೆಯಿಂದ ಕೇಳಿ ತಂದ ಒಂದು ಕುಕ್ಕೆಯಿಂದ ಶುರು ಮಾಡಿದ್ದು. ಈಗ ಸ್ಕೂಟರಿನ ಹಿಂದೆ ಎರಡು ಕ್ರೇಟು. ನಮ್ಮದು ಗಡಿ ಸೀಮೆ, ಕನ್ನಡದ ಮನೆಯಲ್ಲಿ ಕನ್ನಡ, ಮಲಯಾಳದ ಮನೆಯಲ್ಲಿ ಮಲಯಾಳ, ಚೌಕಾಸಿಗೆ ಎರಡೂ. ಕಾಲು ಹಿಡಿದು ಎತ್ತಿದರೆ ಹುಂಜದ ತೂಕ ಹೇಳುತ್ತೇನೆ, ಬಿಸಿಲಿಗೆ ಹಿಡಿದರೆ ಮೊಟ್ಟೆಯ ವಯಸ್ಸು ಹೇಳುತ್ತೇನೆ. ಕೊಳ್ಳುವಾಗ ಯಾರನ್ನೂ ನಂಬಿದವಳಲ್ಲ.

ಕೋಳಿಯ ಜೊತೆ ಸಲಹೆಯನ್ನೂ ಕೊಡುವುದು ನನ್ನ ಚಾಳಿ. ಮೊಟ್ಟೆ ಮೆತ್ತಗಾದರೆ ಕೋಳಿಗೆ ಸುಣ್ಣದಂಶ ಸಾಲದು ಅಂತ ಅರ್ಥ, ಚಿಪ್ಪು ಕುಟ್ಟಿ ತೌಡಿಗೆ ಬೆರೆಸಿ ಅನ್ನುತ್ತಿದ್ದೆ. ಅದೇ ಉಸಿರಿನಲ್ಲಿ, ಕಾವಿಗೆ ಕೂರಿಸುವ ಮೊಟ್ಟೆಯ ಚಿಪ್ಪು ತೀರಾ ಗಟ್ಟಿ ಇರಬಾರದು, ಮರಿ ಒಡೆದು ಬರಲಾರದೆ ಒಳಗೇ ಸಾಯುತ್ತದೆ ಅಂತಲೂ ಹೇಳುತ್ತಿದ್ದೆ. ಮೊದಲನೆಯದು ನಿಜ. ಎರಡನೆಯದು ನಿಜವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿದರೆ ಜನ ತಲೆಯಾಡಿಸುತ್ತಿದ್ದರು, ನನಗೆ ಅಷ್ಟು ಸಾಕಿತ್ತು. ಈ ಎರಡು ಮಾತನ್ನು ನೆನಪಿಟ್ಟುಕೊಳ್ಳಿ. ಊರೆಲ್ಲ ಸುತ್ತಿ ಇವು ನನ್ನ ಮನೆಗೇ ವಾಪಸು ಬಂದವು.

ಮದುವೆಯಾಗಿದ್ದೇ ಮೂವತ್ತೈದಕ್ಕೆ. ಗಂಡ ಜೀಪು ಓಡಿಸುತ್ತಾನೆ, ಮಾತು ಕಡಿಮೆ. ಮೂವತ್ತೇಳಕ್ಕೆ ಬಸುರಾದೆ. ಚಿಕ್ಕಮ್ಮನಿಗೆ ಹೇಳಿದಾಗ ಅವಳು ನಗಲಿಲ್ಲ, ಅಳಲೂ ಇಲ್ಲ. ಎದ್ದು ಹೋಗಿ ದೀಪ ಹಚ್ಚಿ ತುಂಬಾ ಹೊತ್ತು ಅಲ್ಲೇ ನಿಂತಳು. ವಯಸ್ಸಾದವಳು, ಸಂತೋಷ ತಡೆಯಲಾಗಲಿಲ್ಲ ಅಂದುಕೊಂಡೆ.

ಆರೋಗ್ಯ ಕೇಂದ್ರದ ನರ್ಸು ಮೊದಲನೇ ಸಲವೇ ಒಂದು ಕಾಗದ ಮುಂದಿಟ್ಟುಕೊಂಡು ಪ್ರಶ್ನೆ ಕೇಳಿದಳು. ನಿಮ್ಮ ತಾಯಿಗೋ ಅಕ್ಕತಂಗಿಗೋ ಬಸುರಿನಲ್ಲಿ ಪ್ರಷರ್ ಏರಿತ್ತಾ, ಫಿಟ್ಸ್ ಬಂದಿತ್ತಾ? ಇಲ್ಲ ಅಂದೆ. ತಾಯಿ ಇದ್ದಾರಾ? ಇಲ್ಲ, ನಾನು ಹುಟ್ಟಿದ ಮೇಲೆ ಜ್ವರ ಬಂದು ಹೋದಳು ಅಂದೆ. ಜ್ವರ ಅಂತಲೇ ಬರೆದುಕೊಂಡಳು. ಬುದ್ಧಿ ಬಂದಾಗಿನಿಂದ ನನಗೆ ಗೊತ್ತಿದ್ದದ್ದು ಅಷ್ಟೇ.

ನಾಲ್ಕನೇ ತಿಂಗಳಿಗೆ ಎರಡು ಬಗೆಯ ಮಾತ್ರೆ ಕೊಟ್ಟಳು. ಕೆಂಪು ಸಣ್ಣದು ಕಬ್ಬಿಣದ್ದು, ಮಧ್ಯಾಹ್ನ ಒಂದು. ಬಿಳಿ ದೊಡ್ಡದು ಕಾಲ್ಸಿಯಂ, ಬೆಳಿಗ್ಗೆ ಒಂದು, ಸಂಜೆ ಒಂದು. ಎರಡನ್ನೂ ಒಟ್ಟಿಗೆ ನುಂಗಬೇಡಿ, ಒಂದನ್ನೊಂದು ಮೈಗೆ ಸೇರಲು ಬಿಡುವುದಿಲ್ಲ ಅಂದಳು. ಇಷ್ಟು ದೊಡ್ಡದು ಯಾಕೆ ಅಂತ ಕೇಳಿದೆ. ಯಾವುದನ್ನೂ ಕೇಳದೆ ತೆಗೆದುಕೊಂಡವಳಲ್ಲ ನಾನು. ಹಾಲು ಕುಡಿಯುತ್ತೀರಾ ಅಂತ ತಿರುಗಿ ಕೇಳಿದಳು. ಹಾಲಿನ ವಾಸನೆ ನನಗೆ ಆಗುವುದಿಲ್ಲ. ರಾಗಿ? ಬೆಳಿಗ್ಗೆ ಒಂದು ಲೋಟ ಅಂಬಲಿ, ಮಿಕ್ಕಂತೆ ಮೂರು ಹೊತ್ತೂ ಅನ್ನ. ಹಾಗಾದರೆ ನಿಮಗೇ ಬೇಕಾದದ್ದು ಅಂದಳು. ಊಟದಲ್ಲಿ ಕಾಲ್ಸಿಯಂ ಕಡಿಮೆಯಾದವರಿಗೆ ಬಸುರಿನಲ್ಲಿ ರಕ್ತನಾಳ ಬಿಗಿದುಕೊಂಡು ಪ್ರಷರ್ ಏರುವ ಅಪಾಯ ಹೆಚ್ಚು. ಏರಿದರೆ ತಾಯಿಗೆ ಫಿಟ್ಸ್, ಮಗುವಿಗೆ ಆಹಾರ ಸಾಲದು. ಈ ಮಾತ್ರೆ ಅದನ್ನು ಪೂರ್ತಿ ತಡೆಯುತ್ತದೆ ಅಂತ ಹೇಳಲಾರೆ, ಅಪಾಯ ಕಡಿಮೆ ಮಾಡುತ್ತದೆ. ಖಾತರಿ ಕೊಡದ ಮಾತು ನನಗೆ ಹಿಡಿಸಿತು. ಸುಳ್ಳು ಹೇಳುವವರು ಯಾವಾಗಲೂ ಖಾತರಿ ಕೊಡುತ್ತಾರೆ.

ಆದರೆ ಆ ಮಾತ್ರೆ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮೂರು ದಿನ ಪ್ರಯತ್ನಪಟ್ಟೆ, ಮೂರು ದಿನವೂ ಕಾರಿದೆ. ನಾಲ್ಕನೇ ದಿನ ಚಿಕ್ಕಮ್ಮ ಮಾತ್ರೆಯ ಪಟ್ಟಿಗಳನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕುಟ್ಟಿ ಅಂಬಲಿಗೆ ಹಾಕಿಕೊಡುತ್ತೇನೆ, ನಿನಗೆ ಗೊತ್ತೂ ಆಗುವುದಿಲ್ಲ ಅಂದಳು. ನಿಜಕ್ಕೂ ಗೊತ್ತಾಗಲಿಲ್ಲ. ಬೆಳಗಿನ ಅಂಬಲಿ ಮೊದಲಿನ ರುಚಿಯೇ ಇತ್ತು, ಸಂಜೆಗೆ ಅವಳು ಹೊಸದಾಗಿ ಶುರುಮಾಡಿದ ಲೋಟವೂ ಹಾಗೇ. ಚಿಕ್ಕಮ್ಮನ ಕೈಗುಣ ಅಂತ ಮೆಚ್ಚಿಕೊಂಡೆ. ಪಟ್ಟಿ ಮುಗಿದಾಗೆಲ್ಲ ಖಾಲಿ ಹಾಳೆ ತೋರಿಸಿ, ಇನ್ನಷ್ಟು ತಗೊಂಡು ಬಾ ಅನ್ನುತ್ತಿದ್ದಳು. ನಾನು ತರುತ್ತಿದ್ದೆ.

ಚಿಕ್ಕಮ್ಮನಿಗೆ ಅವಳದೇ ನಾಲ್ಕು ಹೇಂಟೆಗಳಿದ್ದವು. ಕಾಡಂಚಿನಲ್ಲಿ ಕೋಳಿಯನ್ನು ಹೊರಗೆ ಬಿಟ್ಟರೆ ಮುಂಗುಸಿಯೋ ಕಾಡುಬೆಕ್ಕೋ ಬಿಡುವುದಿಲ್ಲ. ಹಾಗಾಗಿ ಅವು ಹಗಲಿಡೀ ಗೂಡಿನಲ್ಲೇ. ಕೆದಕಿ ತಿನ್ನಲು ಏನೂ ಸಿಗದೆ ಮೆತ್ತನೆಯ ಚಿಪ್ಪಿನ ಮೊಟ್ಟೆ ಇಡುತ್ತಿದ್ದವು, ಕೈಯಲ್ಲಿ ಹಿಡಿದರೆ ತಗ್ಗುಬೀಳುವಂಥದ್ದು. ಆ ಮೊಟ್ಟೆಗಳನ್ನು ಬೇರೆ ಬುಟ್ಟಿಯಲ್ಲಿ ನಮ್ಮ ಕಲ್ಲೂರಿನ ಚಹಾದಂಗಡಿಗೆ ಕೊಡುತ್ತಿದ್ದೆವು. ನನಗೆ ಐದು ತಿಂಗಳು ತುಂಬುವ ಹೊತ್ತಿಗೆ ಅಂಗಡಿಯವನು, ಚಿಕ್ಕಮ್ಮನ ಕೋಳಿಗೆ ಈಗ ಏನು ಹಾಕುತ್ತೀರಿ, ಒಡೆಯೋಕೆ ಸುತ್ತಿಗೆ ಬೇಕು ಅಂತ ತಮಾಷೆ ಮಾಡಿದ. ನೋಡಿದೆ. ಚಿಪ್ಪು ಬೆಳ್ಳಗೆ, ಗಟ್ಟಿಯಾಗಿ, ಬಡಿದರೆ ಟಣ್ ಅನ್ನುವಂತಿತ್ತು. ನನ್ನ ಮಾತು ಕೇಳಿ ಕೊನೆಗೂ ಚಿಪ್ಪು ಕುಟ್ಟಿ ಹಾಕುತ್ತಿದ್ದಾಳೆ ಅಂದುಕೊಂಡು ಬೀಗಿದೆ. ಸರಕು ಒಳ್ಳೆಯದಾಯಿತು, ಬೆಲೆಯೂ ಏರಬೇಕು ಅಂತ ಆ ಬಡಪಾಯಿಯ ಹತ್ತಿರ ಜಗಳ ಆಡಿ ಏರಿಸಿದೆ. ನನ್ನ ಪಾಲಿನ ಕಾಲ್ಸಿಯಂ ಅನ್ನು ನಾನೇ ಒಯ್ದು, ಚೌಕಾಸಿ ಮಾಡಿ ಮಾರಿದ್ದೆ.

ಏಳನೇ ತಿಂಗಳು ಮುಗಿಯುತ್ತಾ ಬಂದಾಗ ಕಾಲುಂಗುರ ಬಿಗಿಯಾಯಿತು. ಸೋಪು ಹಚ್ಚಿದರೂ ಬರಲಿಲ್ಲ. ಆಮೇಲೆ ಮುಖ ಊದಿತು. ನೀರು ಇಳಿದರೆ ಹೆರಿಗೆ ಸುಲಭ ಅಂದಳು ಚಿಕ್ಕಮ್ಮ. ನರ್ಸು ತೋಳಿಗೆ ಪಟ್ಟಿ ಸುತ್ತಿ ನೋಡಿ ಹುಬ್ಬು ಗಂಟಿಕ್ಕಿದಳು. ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ಏರು ಹತ್ತಿ ಬಂದಿದ್ದೇನೆ, ಸ್ವಲ್ಪ ಕೂತು ಇನ್ನೊಮ್ಮೆ ನೋಡಿ ಅಂದೆ. ಇನ್ನೊಮ್ಮೆ ನೋಡಿದಳು, ಸ್ವಲ್ಪ ಇಳಿದಿತ್ತು. ಇನ್ನೊಂದು ಸಲ ಅಂದೆ. ಅವಳು ನಕ್ಕು, ಇದು ಕೋಳಿಯಲ್ಲ ಚೇಚೀ ಅಂದಳು. ಮೂತ್ರದ ಪರೀಕ್ಷೆಗೆ ಎರಡು ದಿನ ಬಿಟ್ಟು ಬರಲೇಬೇಕು ಅಂದಳು. ಈಸ್ಟರ್ ಹತ್ತಿರ ಬಂದಿತ್ತು, ಪಯ್ಯಂಪಳ್ಳಿ ಕಡೆಯ ಮನೆಗಳಿಗೆ ಕೋಳಿ ಒಪ್ಪಿಕೊಂಡಿದ್ದೆ. ಎರಡು ದಿನವನ್ನು ಎಳೆದು ಎಳೆದು ಒಂದು ವಾರಕ್ಕೆ ತಂದು ಗೆದ್ದೆ. ನನ್ನ ಜೀವನದಲ್ಲಿ ಅಷ್ಟು ನಷ್ಟದ ಗೆಲುವು ಇನ್ನೊಂದಿಲ್ಲ.

ಐದನೇ ದಿನ ಬೆಳಿಗ್ಗೆ ತಲೆ ಒಡೆದುಹೋಗುವ ನೋವು. ಪಕ್ಕೆಯ ಕೆಳಗೆ ಯಾರೋ ಗುದ್ದಿದ ಹಾಗೆ. ಕ್ರೇಟಿನಲ್ಲಿದ್ದ ಕೋಳಿಗಳ ಸುತ್ತ ಅಭ್ರಕದ ಪುಡಿಯಂತೆ ಏನೋ ಮಿಣಮಿಣ ಹೊಳೆಯುತ್ತಿತ್ತು. ಎಣಿಸಲು ಹೋದರೆ ಕೋಳಿ ಕಾಣದು, ಹೊಳಪು ಮಾತ್ರ. ಗಂಡ ಏನೂ ಕೇಳದೆ ಜೀಪು ತೆಗೆದ. ಚಿಕ್ಕಮ್ಮ ಹಿಂದೆ ಕೂತಳು. ಬತ್ತೇರಿಯ ಆಸ್ಪತ್ರೆಯಲ್ಲಿ ಪ್ರಷರ್ ನೋಡಿದವರು ಈ ಸಲ ಇನ್ನೊಮ್ಮೆ ನೋಡುತ್ತೇವೆ ಅನ್ನಲಿಲ್ಲ. ಕೈಗೆ ಒಂದು ಸೂಜಿಯನ್ನು ನಿಧಾನವಾಗಿ, ಆಮೇಲೆ ಎರಡೂ ಕುಂಡೆಗೆ ದೊಡ್ಡ ಸೂಜಿ ಹಾಕಿದರು. ಮೈಯೊಳಗೆ ಬಿಸಿನೀರು ಹರಿದ ಹಾಗಾಯಿತು, ನಾಲಿಗೆ ದಪ್ಪವಾಯಿತು. ಮೆಗ್ನೀಷಿಯಂ, ಫಿಟ್ಸ್ ಬರದ ಹಾಗೆ ತಡೆಯುವುದಕ್ಕೆ ಅಂದರು. ಮಗು ತೀರಾ ಸಣ್ಣದು, ಅದನ್ನು ಇಡುವ ಪೆಟ್ಟಿಗೆ ಇಲ್ಲಿ ಖಾಲಿಯಿಲ್ಲ, ಕೋಳಿಕ್ಕೋಡಿನ ದೊಡ್ಡ ಆಸ್ಪತ್ರೆಗೆ ಇಳಿಯಬೇಕು ಅಂದರು.

ಇಳಿಯಬೇಕು ಅಂದರೆ ಚುರ, ಅಂದರೆ ಘಾಟಿ ರಸ್ತೆ, ಇಳಿಯಬೇಕು. ಆಂಬ್ಯುಲೆನ್ಸಿನಲ್ಲಿ ನಾನು, ಕಾಲಬಳಿ ಚಿಕ್ಕಮ್ಮ, ಪಕ್ಕದಲ್ಲಿ ಒಬ್ಬಳು ಎಳೇ ವಯಸ್ಸಿನ ನರ್ಸು, ಗಂಡ ಮುಂದೆ. ನಡುವಿನ ತಿರುವಿನಲ್ಲಿ ಲಾರಿಯೊಂದು ಸಿಕ್ಕಿಕೊಂಡು ಎಲ್ಲ ನಿಂತಿತು. ನರ್ಸು ರಬ್ಬರಿನ ಸುತ್ತಿಗೆಯಿಂದ ನನ್ನ ಮಂಡಿಗೆ ತಟ್ಟುತ್ತಾಳೆ, ಕಾಲು ಜಿಗಿಯುತ್ತದೆ. ಉಸಿರು ಎಣಿಸುತ್ತಾಳೆ, ಮೂತ್ರದ ಚೀಲ ನೋಡುತ್ತಾಳೆ. ಅವಳ ಜೇಬಿನಲ್ಲಿ ಒಂದು ಗಾಜಿನ ಸಣ್ಣ ಬುಡ್ಡಿ ಇತ್ತು. ಆಗಾಗ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅದೇನು ಅಂತ ಕೇಳಿದೆ. ಅವಳು ಮಲಯಾಳದಲ್ಲಿ ಸಮಾಧಾನವಾಗಿ ಹೇಳಿದಳು: ಮೆಗ್ನೀಷಿಯಂ ಕಡಿಮೆಯಾದರೆ ಫಿಟ್ಸ್ ಬರುತ್ತದೆ, ಹೆಚ್ಚಾದರೆ ಮಂಡಿ ಜಿಗಿಯುವುದು ನಿಲ್ಲುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಹಾಗೇನಾದರೂ ಆದರೆ ಅದನ್ನು ತಡೆದು ಉಸಿರು ವಾಪಸು ತರಲು ಇದು. ಕಾಲ್ಸಿಯಂ.

ಗೊತ್ತಿರುವ ಹೆಸರು ಕೇಳಿ ನನಗೆ ಧೈರ್ಯ ಬಂತು. "ಅದನ್ನ ನಾನು ದಿನಾ ತಿಂತೀನಿ. ನಮ್ಮ ಚಿಕ್ಕಮ್ಮ ಕುಟ್ಟಿ ಕೊಡ್ತಾಳೆ," ಅಂದೆ.

ಒಳ್ಳೆಯದಾಯಿತು ಅಂದಳು ನರ್ಸು. ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಚುರದ ತಿರುವಿಗೆ ವಾಂತಿ ಬರುತ್ತಿರಬೇಕು ಅಂದುಕೊಂಡೆ. ಪಾಪ ಅನ್ನಿಸಿತು.

ಅವತ್ತೇ ಹೊಟ್ಟೆ ಕೊಯ್ದು ಮಗಳನ್ನು ತೆಗೆದರು. ಎರಡನೇ ದಿನ ನನ್ನನ್ನು ಗಾಲಿಕುರ್ಚಿಯಲ್ಲಿ ಒಯ್ದು ತೋರಿಸಿದರು. ಕೈ ಒಳಗೆ ಹಾಕಿ ಮುಟ್ಟಲು ಬಿಟ್ಟರು. ಅಭ್ಯಾಸ ಬಲ, ಅಂಗೈ ತಾನಾಗಿ ತೂಕ ನೋಡಿತು: ಇನ್ನೂ ಮೊಟ್ಟೆಗೆ ಬಾರದ ಹೇಂಟೆಯಷ್ಟೂ ಇಲ್ಲ. ಇಷ್ಟು ತೂಕದ್ದನ್ನು ನಾನು ಯಾರ ಮನೆಯಲ್ಲೂ ಕೊಂಡಿಲ್ಲ, ಬೆಳೆಯಲಿ ಅಂತ ಬಿಟ್ಟುಬರುತ್ತೇನೆ. ಹಾಗೇ ಬಿಟ್ಟುಬಂದೆ ಅಂದುಕೊಳ್ಳಿ, ಗಾಜಿನ ಪೆಟ್ಟಿಗೆಯಲ್ಲಿ. ಐದು ವಾರ ಆಸ್ಪತ್ರೆಯ ಪಕ್ಕದ ಕೋಣೆಯೊಂದರಲ್ಲಿ ಇದ್ದು ದಿನಾ ಹಾಲು ಹಿಂಡಿ ಕೊಡುತ್ತಿದ್ದೆ. ಕೋಳಿಗಳಿಗೆ ಯಾರೂ ಇಲ್ಲ ಅಂತ ಚಿಕ್ಕಮ್ಮ ಮೂರನೇ ದಿನವೇ ಊರಿಗೆ ಹೋಗಿದ್ದಳು.

ಮಗಳನ್ನು ಎತ್ತಿಕೊಂಡು ಚುರ ಹತ್ತುವಾಗ ಗಂಡ ಮನೆಯ ಸುದ್ದಿ ಹೇಳಿದ. ಅವನ ಸುದ್ದಿ ಅಂದರೆ ನಾಲ್ಕು ವಾಕ್ಯ. ನಾಲ್ಕನೆಯದು ಇದು: ಚಿಕ್ಕಮ್ಮನ ಮೊಟ್ಟೆ ಮತ್ತೆ ಮೆತ್ತಗಾಗಿದೆ, ಬುಟ್ಟಿಯಲ್ಲೇ ಒಡೆಯುತ್ತಿದೆ, ಅಂಗಡಿಯವನು ಬೇಡ ಅಂದ. ಯಾವಾಗಿನಿಂದ ಅಂತ ಕೇಳಿದೆ. ನೀನು ಆಸ್ಪತ್ರೆಗೆ ಬಂದ ಸ್ವಲ್ಪ ದಿನಕ್ಕೆ ಅಂದ.

ಅವನು ಅದನ್ನು ಅಲ್ಲಿಗೇ ಬಿಟ್ಟ. ನನ್ನಿಂದ ಬಿಡಲಾಗಲಿಲ್ಲ. ಅದೇ ಕೋಳಿ, ಅದೇ ಗೂಡು, ಅದೇ ತೌಡು. ನನಗೆ ಐದು ತುಂಬುವಾಗ ಗಟ್ಟಿಯಾದ ಚಿಪ್ಪು, ನಾನು ಮನೆ ಬಿಟ್ಟ ಕೂಡಲೇ ಯಾಕೆ ಮೆತ್ತಗಾಗಬೇಕು? ನಾನು ಮನೆಯಲ್ಲಿ ಇಲ್ಲದಿದ್ದರೆ ಮನೆಯಲ್ಲಿ ಇನ್ನೇನು ಇರುವುದಿಲ್ಲ? ಮೇಲಿನ ತಿರುವು ಮುಟ್ಟುವ ಹೊತ್ತಿಗೆ ಉತ್ತರ ಸಿಕ್ಕಿತ್ತು. ಆದರೂ ಕಣ್ಣಾರೆ ನೋಡದೆ ಸರಕಿಗೆ ಬೆಲೆ ಕಟ್ಟುವವಳಲ್ಲ ನಾನು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಮಗುವಿಗೆ ನೀರು ಕಾಯಿಸುತ್ತಿದ್ದಾಗ ಹಿತ್ತಿಲಿಗೆ ಹೋಗಿ ತೌಡಿನ ಡಬ್ಬಿಯನ್ನು ಹಾಳೆಯ ಮೇಲೆ ಸುರಿದೆ. ತಳದಲ್ಲಿ ಬಿಳಿಯ ಚೂರುಗಳಿದ್ದವು, ಸರಿಯಾಗಿ ಕುಟ್ಟದವು. ಒಂದರ ಮೇಲೆ ಮಾತ್ರೆಯ ನಡುವಿನ ಗೆರೆ ಹಾಗೇ ಉಳಿದಿತ್ತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಒಲೆಯ ಹತ್ತಿರ ಹೋಗಿ ಇದೇನು ಅಂತ ಕೇಳಿದೆ.

ಚಿಕ್ಕಮ್ಮ ನೋಡಿದಳು. ನಾಟಕ ಮಾಡಲಿಲ್ಲ. "ಕೋಳಿಗೆ ಹಾಕ್ತಿದ್ದೆ," ಅಂದಳು.

"ನನಗೇನು ಕೊಡ್ತಿದ್ದೆ?"

"ಅಂಬಲಿ."

ನಾನು ಕೂಗಲಿಲ್ಲ. ಕೂಗುವುದು ವ್ಯಾಪಾರ ಇನ್ನೂ ಕುದುರುವ ಹಾಗಿರುವಾಗ. ಅವಳೇ ಒಲೆಯ ಕಡೆ ಮುಖ ಮಾಡಿಕೊಂಡು ಹೇಳಿದಳು: "ನಿಮ್ಮವ್ವ ಎರಡು ದಿನ ನೋವು ತಿಂದ್ಲು ಕಣವ್ವ. ನೀನು ದಪ್ಪ ಇದ್ದೆ, ಬರ್ಲಿಲ್ಲ. ಬಂದ್ಮೇಲೆ ಅವಳಿಗೆ ಸನ್ನಿ ಬಂತು. ಹಲ್ಲು ಕಚ್ಕೊಂಡ್ಳು, ಕಣ್ಣು ಮೇಲಕ್ಕೆ ಹೋಯ್ತು. ಮೂರು ಸಲ ಬಂತು. ಮೂರನೇ ಸಲ ಏಳ್ಲಿಲ್ಲ."

"ಜ್ವರ ಅಂದಿದ್ದೆ."

"ಹಾಲು ಕುಡಿಯೋ ಕೂಸಿಗೆ ಏನಂತ ಹೇಳ್ಲಿ? ನಿನ್ನ ಹೆರಕ್ಕೆ ಹೋಗಿ ಸತ್ಲು ಅನ್ಲಾ?" ಒಲೆಗೆ ಸೌದೆ ತಳ್ಳಿ ಮತ್ತೆ ಹೇಳಿದಳು. "ಸುಣ್ಣ ತಿಂದ್ರೆ ಚಿಪ್ಪು ಗಟ್ಟಿ, ಗಟ್ಟಿ ಆದ್ರೆ ಮರಿ ಒಳಗೇ ಸಾಯ್ತದೆ ಅಂತ ನೀನೇ ಊರಿಗೆಲ್ಲ ಹೇಳ್ದೆ. ಆ ಮಾತ್ರೆ ಕುಟ್ಟಿದ್ರೆ ಸುಣ್ಣವೇ, ಕೂಸಿನ ತಲೆ ಗಟ್ಟಿಯಾಗಿ ಬರ್ದೇ ಹೋದ್ರೆ ನಿಂಗೂ ಅದೇ ಗತಿ. ಆ ನರ್ಸು ನಿಮ್ಮವ್ವನ್ನ ನೋಡಿಲ್ಲ. ನಾನು ನೋಡಿದೀನಿ."

ನನ್ನ ಮಾತಿಗೆ ಊರಲ್ಲಿ ಯಾರೂ ಇಷ್ಟು ಬೆಲೆ ಕೊಟ್ಟಿರಲಿಲ್ಲ. ಮೂವತ್ತೇಳು ವರ್ಷ ಜ್ವರ ಜ್ವರ ಅಂತ ನಾನು ಹೇಳಿಕೊಂಡು ಬಂದದ್ದು ಜ್ವರವಾಗಿರಲಿಲ್ಲ. ಬಸುರಿನ ಪ್ರಷರ್ ತಲೆಗೇರಿ ಬಂದ ಫಿಟ್ಸ್ ಅದು. ನರ್ಸು ಮೊದಲ ದಿನವೇ ಹೆಸರು ಹಿಡಿದು ಕೇಳಿದ್ದು ಅದನ್ನೇ. ಗೊತ್ತಿದ್ದವಳು ಮನೆಯಲ್ಲಿ ನನಗೆ ಅಂಬಲಿ ಕಾಯಿಸುತ್ತಿದ್ದಳು. ಮುಖ ಊದಿದಾಗಲೂ ಗೊತ್ತಿತ್ತು, ಅಕ್ಕನ ಮುಖ ಊದಿದ್ದನ್ನು ಕಂಡವಳು. ಆಗಲೂ ಬಾಯಿ ಬಿಡಲಿಲ್ಲ, ಬಾಯಿ ಬಿಟ್ಟರೆ ಹಳೆಯ ಸುಳ್ಳು ಹೊರಗೆ ಬರುತ್ತದೆ ಅಂತ. ಪ್ರೀತಿ ಇತ್ತು, ಇರಲಿಲ್ಲ ಅನ್ನಲಾರೆ. ಪ್ರೀತಿಯಿಂದ ಮೋಸ ಮಾಡಿದವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ, ಅದೂ ಒಂದು ಮೋಸವೇ.

ಮಗಳ ತಪಾಸಣೆಗೆ ಹೋದಾಗ ಡಾಕ್ಟರಮ್ಮನಿಗೆ ಎಲ್ಲ ಹೇಳಿ, ನೇರವಾಗಿ ಕೇಳಿದೆ: ಆ ಮಾತ್ರೆ ನನ್ನ ಹೊಟ್ಟೆಗೆ ಹೋಗಿದ್ದರೆ ಇದು ಆಗುತ್ತಿರಲಿಲ್ಲ ತಾನೇ? ಹೌದು ಅನ್ನಲಿ ಅಂತ ಕಾದೆ. ಅವರು ಅನ್ನಲಿಲ್ಲ. ಆಗದೇ ಇರಬಹುದಿತ್ತು, ಆಗಲೂಬಹುದಿತ್ತು, ಒಬ್ಬೊಬ್ಬರ ವಿಷಯದಲ್ಲಿ ಖಚಿತವಾಗಿ ಹೇಳಲಾಗುವುದಿಲ್ಲ ಅಂದರು. ಆದರೆ ತಾಯಿಗೆ ಫಿಟ್ಸ್ ಬಂದಿತ್ತು ಅಂತ ತಿಳಿದಿದ್ದರೆ, ಅದರ ಮೇಲೆ ಚೊಚ್ಚಲು, ವಯಸ್ಸು ಬೇರೆ, ಶುರುವಿನಿಂದಲೇ ಹೆಚ್ಚು ಸಲ ಕರೆಸಿ ನೋಡುತ್ತಿದ್ದೆವು, ಬೇರೆ ಒಂದು ಸಣ್ಣ ಮಾತ್ರೆಯನ್ನೂ ಕೊಡುತ್ತಿದ್ದೆವೇನೋ ಅಂದರು. ಚಿಕ್ಕಮ್ಮನ ತಪ್ಪು ಎಷ್ಟು, ನರ್ಸಿನ ಎರಡು ದಿನವನ್ನು ವಾರ ಮಾಡಿದ ನನ್ನ ತಪ್ಪು ಎಷ್ಟು, ಏನು ಮಾಡಿದ್ದರೂ ಆಗಿಯೇ ತೀರುತ್ತಿದ್ದದ್ದು ಎಷ್ಟು ಅಂತ ಬೇರೆ ಬೇರೆ ತೂಗಿಕೊಡಿ ಅಂತ ಕೇಳಬೇಕೆನ್ನಿಸಿತು. ಅಂಥ ತಕ್ಕಡಿ ಅವರ ಹತ್ತಿರ ಇರಲಿಲ್ಲ.

ಮಗಳಿಗೆ ಈಗ ಮೂರು ವರ್ಷ, ಚುರುಕಾಗಿದ್ದಾಳೆ. ಚಿಕ್ಕಮ್ಮನ ಬೆನ್ನಿಗೆ ಬಿದ್ದು ಗೂಡಿನವರೆಗೆ ಹೋಗುತ್ತಾಳೆ, ನಾನು ತಡೆಯುವುದಿಲ್ಲ. ಆದರೆ ಅವತ್ತಿನಿಂದ ಚಿಕ್ಕಮ್ಮನ ಕೈಯಿಂದ ನಾನು ಅಂಬಲಿ ಕುಡಿದಿಲ್ಲ. ಅವಳು ಈಗಲೂ ಬೆಳಿಗ್ಗೆ ಎರಡು ಲೋಟ ಕಾಯಿಸುತ್ತಾಳೆ. ಎರಡನೆಯದನ್ನು ಆರಿದ ಮೇಲೆ ತೌಡಿಗೆ ಸುರಿಯುತ್ತಾಳೆ.

ಇನ್ನು ನೀವು. ನನ್ನ ಸಲಹೆಗೆ ಎಷ್ಟು ಬೆಲೆ ಅಂತ ಈಗ ನಿಮಗೆ ಗೊತ್ತಾಗಿದೆ, ಆದ್ದರಿಂದ ಇದನ್ನು ನರ್ಸಿನ ಹತ್ತಿರ ಒಮ್ಮೆ ಕೇಳಿ ಖಾತರಿ ಮಾಡಿಕೊಳ್ಳಿ. ಬಸುರಾದರೆ ಮಾತ್ರೆಯ ಪಟ್ಟಿ ನಿಮ್ಮ ಕೈಯಲ್ಲೇ ಇರಲಿ, ಎಷ್ಟು ಪ್ರೀತಿಯವರಾದರೂ ಅವರ ಕೈಗೆ ಬೇಡ. ನುಂಗಲು ಆಗದಿದ್ದರೆ ನರ್ಸಿಗೆ ಹೇಳಿ. ಜಗಿಯುವಂಥದ್ದೂ ಇದೆ ಅಂತ ನನಗೆ ಆಮೇಲೆ ತಿಳಿಯಿತು, ಕೇಳಿದ್ದರೆ ಅವತ್ತೇ ಸಿಗುತ್ತಿತ್ತು. ಕೆಂಪು ಮಾತ್ರೆ, ಬಿಳಿ ಮಾತ್ರೆ ಒಂದೇ ಹೊತ್ತಿಗೆ ಬೇಡ. ಬಿಳಿಯದು ಮಗುವಿನ ತಲೆಯನ್ನು ಕಲ್ಲು ಮಾಡುವುದಿಲ್ಲ. ಮನೆಯ ಹಿರಿಯರನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಆ ಮಾತನ್ನು ಡಾಕ್ಟರ ಬಾಯಿಂದಲೇ ಕೇಳಿಸಿ. ನಿಮ್ಮ ತಾಯಿ ನಿಮ್ಮನ್ನು ಹೇಗೆ ಹೆತ್ತಳು ಅಂತ ಕೇಳಿ, ಒಬ್ಬರನ್ನಲ್ಲ, ಇಬ್ಬರನ್ನು ಬೇರೆ ಬೇರೆ ಕೂರಿಸಿ ಕೇಳಿ. ಜ್ವರ ಅಂದರೆ ಎಂಥ ಜ್ವರ ಅಂತ ಕೇಳಿ. ತಲೆನೋವು ಬಿಡದಿದ್ದರೆ, ಕಣ್ಣ ಮುಂದೆ ಮಿಣುಕಿದರೆ, ಪಕ್ಕೆ ನೋವು ಬಂದರೆ, ಮುಖ ಊದಿದರೆ ಅವತ್ತೇ ಹೋಗಿ. ಎರಡು ದಿನದಲ್ಲಿ ಬನ್ನಿ ಅಂದರೆ ಎರಡು ದಿನವೇ. ಅಲ್ಲಿ ಮಾತ್ರ ಚೌಕಾಸಿ ಬೇಡ.

ಕೋಳಿಗೆ ಮಾತ್ರೆ ಬೇಕಿಲ್ಲ. ಮೊಟ್ಟೆಯ ಚಿಪ್ಪನ್ನು ಹುರಿದು, ನುಣ್ಣಗೆ ಕುಟ್ಟಿ ತೌಡಿಗೆ ಹಾಕಿ, ಸಾಕು.